ತಡಮೆ ದಾಟಿದ ದಾರಿಗಳು

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಮನೆಯಲ್ಲಿ ಕಾಗದವೆಲ್ಲ ಮೆತ್ತಗಾಗುತ್ತದೆ. ಪುಸ್ತಕದ ರಟ್ಟಿಗೆ ಬೂಸಲು ಬರುತ್ತದೆ. ಪೆಟ್ಟಿಗೆಯಲ್ಲಿಟ್ಟ ಹಳೆಯ ಪತ್ರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಮೃಗಶಿರ ಮಳೆ ಶುರುವಾಗುವ ಮೊದಲೇ ನನ್ನ ಏಳು ನಕ್ಷೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಡಬ್ಬಿಯ ಪಕ್ಕಕ್ಕೆ ಇಡುತ್ತೇನೆ. ಹದಿನೆಂಟು ಮಳೆಗಾಲ ಹೊಗೆ ಕುಡಿದು ಅವುಗಳ ಕಿತ್ತಳೆ ಬಣ್ಣದ ರಟ್ಟು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ. ಬಿಚ್ಚಿದರೆ ಮೊದಲು ಮೂಗಿಗೆ ಬರುವುದು ನಮ್ಮ ಅಡುಗೆಮನೆ. ಆಮೇಲೆ ಕಣ್ಣಿಗೆ ಬೀಳುವುದು ಇಂಗ್ಲೆಂಡಿನ ವಾಯವ್ಯ ಮೂಲೆ.

ಅಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ನಕ್ಷೆಗಳು ಅವು. ನೆಲದ ಮೇಲಿನ ಒಂದು ಕಿಲೋಮೀಟರ್ ಅಲ್ಲಿ ನಾಲ್ಕು ಸೆಂಟಿಮೀಟರ್. ಪ್ರತಿ ಹೊಲದ ಅಂಚು, ಪ್ರತಿ ಕೊಟ್ಟಿಗೆ, ಪ್ರತಿ ಹಳ್ಳ ಕಾಣುತ್ತದೆ. ಇವೆಲ್ಲದರ ನಡುವೆ ತುಂಡು ತುಂಡಾದ ಹಸಿರು ಗೆರೆಗಳು ಓಡುತ್ತವೆ. ಹೊಲ ಸೀಳಿಕೊಂಡು, ಅಂಗಳ ಹಾಯ್ದು, ಗುಡ್ಡ ಹತ್ತಿ ಹೋಗುವ ಆ ಗೆರೆಗಳೇ ಅಲ್ಲಿನ ಸಾರ್ವಜನಿಕ ಕಾಲುದಾರಿಗಳು. ಮಳೆ ಧೋ ಎಂದು ಸುರಿಯುವ ಮಧ್ಯಾಹ್ನಗಳಲ್ಲಿ ಅಟ್ಟದಿಂದ ಒಂದು ನಕ್ಷೆ ಇಳಿಸಿ, ಜಗಲಿಯ ಮೇಲೆ ಹರಡಿಕೊಂಡು ಆ ಗೆರೆಗಳ ಮೇಲೆ ಬೆರಳಾಡಿಸುವುದು ನನಗೆ ಅಭ್ಯಾಸವಾಗಿಹೋಗಿದೆ. ಒಂದೊಂದು ಗೆರೆಯೂ ಒಂದೊಂದು ದಿನ. ಯಾವ ತಿರುವಿನಲ್ಲಿ ಕೆಸರಿತ್ತು, ಎಲ್ಲಿ ಕೂತು ಚಪಾತಿ ಬಿಚ್ಚಿದೆವು, ಎಲ್ಲಿ ಗಾಳಿ ಟೊಪ್ಪಿ ಹಾರಿಸಿತು, ಎಲ್ಲವೂ ಬೆರಳ ತುದಿಗೆ ಬರುತ್ತದೆ.

ನಾವು ಲ್ಯಾಂಕಾಸ್ಟರ್ ಊರಿಗೆ ಹೋಗಿ ಇಳಿದದ್ದು 2004ರ ಆಗಸ್ಟ್‌ನಲ್ಲಿ. ಗಂಡನಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಸಂಶೋಧನೆ. ನನಗೆ ಕೆಲಸವಿರಲಿಲ್ಲ, ಗುರುತಿನವರಿರಲಿಲ್ಲ, ಕಾರು ಇರಲಿಲ್ಲ. ಕಿಟಕಿಯಾಚೆ ಒಂದೇ ಥರದ ಕಲ್ಲುಮನೆಗಳ ಸಾಲು. ಸಾಗರ ತಾಲೂಕಿನ ಒಂಟಿಮನೆಯಲ್ಲಿ ಹುಟ್ಟಿ, ಕಣ್ಣು ಬಿಟ್ಟರೆ ತೋಟ, ಕಿವಿ ಕೊಟ್ಟರೆ ಹಳ್ಳ ಎಂದು ಬೆಳೆದವಳಿಗೆ ಮೊದಲ ಎರಡು ವಾರ ಉಸಿರು ಕಟ್ಟಿದ ಹಾಗಾಗಿತ್ತು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದರು. ಒಂದು ಸಂಜೆ ಬಾಗಿಲು ತಟ್ಟಿ, ನೀವು ನಡೆಯುತ್ತೀರಾ ಎಂದು ಕೇಳಿದರು. ಆ ಊರಿನಲ್ಲಿ ಅದು ಎಂಥ ದೊಡ್ಡ ಪ್ರಶ್ನೆ ಎಂದು ಆಗ ತಿಳಿಯಲಿಲ್ಲ. ಹೂಂ ಎಂದೆ.

ಮರುದಿನ ಲೂನ್ ನದಿಯ ದಂಡೆ ಹಿಡಿದು ಹೊರಟೆವು. ಬೇಲಿಯ ತುಂಬ ಬ್ಲ್ಯಾಕ್‌ಬೆರಿ ಹಣ್ಣಾಗಿ ತೂಗುತ್ತಿತ್ತು. ಕವಳಿ ಹಣ್ಣು ಕೀಳಲು ಬ್ಯಾಣಕ್ಕೆ ಹೋದ ಮಕ್ಕಳ ಹಾಗೆ ಇಬ್ಬರ ಬೆರಳೂ ನೇರಳೆಯಾಯಿತು. ಒಂದು ತಿರುವಿನಲ್ಲಿ ದಾರಿ ಎದೆಯೆತ್ತರದ ಕಲ್ಲಿನ ಪಾಗಾರಕ್ಕೆ ಬಂದು ನಿಂತಿತು. ಮುಗಿಯಿತು, ತಿರುಗಬೇಕು ಎಂದುಕೊಂಡೆ. ಆ ಹಿರಿಯರು ಗೋಡೆಯಿಂದ ಹೊರಚಾಚಿದ ಮೂರು ಉದ್ದನೆಯ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ಹತ್ತಿ, ತುದಿಯಲ್ಲಿ ಕಾಲು ಎತ್ತಿ ಹಾಕಿ, ಆಚೆ ಇಳಿದರು.

ನನ್ನ ಬಾಯಿಂದ ತಟ್ಟನೆ ಬಂದ ಮಾತು: "ತಡಮೆ!"

ಅವರು ತಿರುಗಿ ನೋಡಿದರು. ಅವರ ಮಾತಿನಲ್ಲಿ ಅದು ಸ್ಟೈಲ್. ನಮ್ಮ ಕಡೆಯೂ ಇದೆ, ಹೆಸರು ತಡಮೆ ಎಂದು ವಿವರಿಸಿದೆ. ಬೇಲಿಯ ನಡುವೆ ಎರಡು ಕವೆಗಂಬ ನೆಟ್ಟು, ಅಡ್ಡಗೋಲು ಕೊಟ್ಟು, ಮನುಷ್ಯರು ದಾಟುವ ಹಾಗೆ, ದನ ದಾಟದ ಹಾಗೆ ಮಾಡುತ್ತೇವೆ. ಗಾಡಿ, ಎತ್ತು ಹೋಗಬೇಕಾದಲ್ಲಿ ಗಳ ಸರಿಸುವ ಉಣುಗೋಲು ಇರುತ್ತದೆ ಎಂದೆ. ಅವರು ಆ ಪದವನ್ನು ಎರಡು ಸಲ ಹೇಳಿ ನೋಡಿದರು. 'ಡ' ಅವರ ನಾಲಗೆಗೆ ಹತ್ತಲಿಲ್ಲ, ಆದರೆ ಆವತ್ತಿನಿಂದ ಮೂರು ವರ್ಷವೂ ನಮ್ಮಿಬ್ಬರ ನಡುವೆ ಅದು ತಡಮೆಯೇ ಆಗಿ ಉಳಿಯಿತು. ಆ ದೇಶದಲ್ಲಿ ನನ್ನ ಭಾಷೆಯ ಒಂದು ಪದಕ್ಕೆ ಜಾಗ ಸಿಕ್ಕಿದ ದಿನ, ನನಗೂ ಜಾಗ ಸಿಕ್ಕಿತು.

ಆಮೇಲೆ ಎಷ್ಟು ಬಗೆಯ ತಡಮೆ ನೋಡಿದೆ! ಏಣಿಯನ್ನು ಮಗುಚಿ ಗೋಡೆಯ ಮೇಲೆ ಕೂರಿಸಿದಂಥವು. ಎರಡು ಚಪ್ಪಡಿಯ ನಡುವೆ ಮೊಣಕಾಲು ತೂರುವಷ್ಟೇ ಸಂದಿ ಬಿಟ್ಟಂಥವು; ಕುರಿಯ ಹೊಟ್ಟೆ ಅದರಲ್ಲಿ ಹಿಡಿಯುವುದಿಲ್ಲ. ಅರ್ಧಚಂದ್ರದ ಕಟಕಟೆಯೊಳಗೆ ಅತ್ತಿತ್ತ ಆಡುತ್ತಾ ಎರಡೂ ಕಡೆಯ ಕಂಬಕ್ಕೆ ಮೆಲ್ಲಗೆ ತಾಗುವ ಕಿಸ್ಸಿಂಗ್ ಗೇಟ್. ಗಾರೆಯಿಲ್ಲದೆ ಕಟ್ಟಿದ ಗೋಡೆಗಳೂ ನೋಡುವಂಥವೇ. ಎರಡು ಮುಖ ಎಬ್ಬಿಸಿ, ನಡುವೆ ಚೂರುಗಲ್ಲು ತುಂಬಿ, ಎರಡನ್ನೂ ಹಿಡಿದಿಡುವ ಉದ್ದಗಲ್ಲು ಅಲ್ಲಲ್ಲಿ ಅಡ್ಡ ಕೂರಿಸಿ, ಮೇಲೆ ಹೋದ ಹಾಗೆ ಕಿರಿದು ಮಾಡುತ್ತಾರೆ. ಆ ಉದ್ದಗಲ್ಲುಗಳೇ ಕೆಲವೆಡೆ ಹೊರಗೆ ಚಾಚಿ ಮೆಟ್ಟಿಲಾಗುತ್ತವೆ. ತಡೆಯುವ ಗೋಡೆಯ ಮೈಯಲ್ಲೇ ದಾಟುವ ಮೆಟ್ಟಿಲೂ ಇರುತ್ತದೆ.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ನಡೆದದ್ದನ್ನು ಹೇಳಬೇಕು. ಅಷ್ಟು ಹೊತ್ತಿಗೆ ನಾನು ಒಬ್ಬಳೇ ಹೊರಡುವಷ್ಟು ಧೈರ್ಯ ಗಳಿಸಿದ್ದೆ. ಲ್ಯಾಂಕಾಸ್ಟರ್‌ನಿಂದ ಕೆಂಡಲ್, ವಿಂಡರ್ಮಿಯರ್, ಆಂಬಲ್‌ಸೈಡ್, ಗ್ರಾಸ್‌ಮಿಯರ್ ಹಾಯ್ದು ಕೆಸ್ವಿಕ್‌ವರೆಗೆ ಹೋಗುವ 555 ನಂಬರಿನ ಬಸ್ಸು ನನ್ನ ಪಾಲಿನ ರಥ. ಮಹಡಿಯ ಮುಂದಿನ ಸೀಟು ಹಿಡಿದರೆ ಸರೋವರ ಸೀಮೆ ಅರಳುತ್ತಾ ಎದುರಿಗೇ ಬರುತ್ತಿತ್ತು. ಆ ದಿನ ಆಂಬಲ್‌ಸೈಡ್‌ನಲ್ಲಿ ಬಸ್ಸು ಬದಲಿಸಿ ಗ್ರೇಟ್ ಲ್ಯಾಂಗ್‌ಡೇಲ್ ಕಣಿವೆಗೆ ಹೋದೆ. ನಕ್ಷೆಯ ಹಸಿರು ಗೆರೆ ಹಿಡಿದು ನಡೆಯುತ್ತಾ ನಡೆಯುತ್ತಾ ಗೆರೆ ಒಬ್ಬ ರೈತನ ಮನೆಯ ಅಂಗಳಕ್ಕೇ ನುಗ್ಗಿತು. ಒಂದು ಕಡೆ ಮನೆ, ಇನ್ನೊಂದು ಕಡೆ ಕೊಟ್ಟಿಗೆ, ನಡುವೆ ಒಣಗಲು ಹಾಕಿದ ಬಟ್ಟೆ. ನಾನು ಗೇಟಿನ ಹೊರಗೆ ನಿಂತೆ. ಕಾಲು ಎದ್ದು ಬರಲಿಲ್ಲ. ಬೇರೆಯವರ ಅಂಗಳ, ನಾನು ಬೇರೆ ದೇಶದವಳು, ಮೈಬಣ್ಣ ಬೇರೆ. ಹಿಂತಿರುಗಿ ಸುತ್ತು ಹಾಕಿ ಹೋಗುವುದೆಂದು ತಿರುಗಿದೆ.

ಪಕ್ಕದಲ್ಲಿ ಬಿದ್ದ ಗೋಡೆಯ ಕಲ್ಲು ಜೋಡಿಸುತ್ತಿದ್ದ ರೈತ ತಲೆಯೆತ್ತಿದರು. ಕಂಬಕ್ಕೆ ಹೊಡೆದಿದ್ದ ಹಳದಿ ಬಾಣದ ಗುರುತನ್ನು ಗಲ್ಲದಲ್ಲೇ ತೋರಿಸಿ ಹೇಳಿದರು: "ಯಾಕೆ ತಿರುಗಿದಿರಿ? ಇತ್ತ ಹೋಗಿ. ಅದು ನಿಮ್ಮ ದಾರಿ."

'ನನ್ನ ಅಂಗಳದಲ್ಲಿ ಹೋಗಬಹುದು, ಪರವಾಗಿಲ್ಲ' ಎಂದಿದ್ದರೆ ಉಪಕಾರ ನೆನೆದು ಮರೆತುಬಿಡುತ್ತಿದ್ದೆನೇನೋ. ಅವರು ಹಾಗೆ ಹೇಳಲಿಲ್ಲ. ನಿಮ್ಮ ದಾರಿ ಎಂದರು. ಆ ಮಾತಿನಲ್ಲಿ ದಾಕ್ಷಿಣ್ಯವಿರಲಿಲ್ಲ, ಔದಾರ್ಯದ ತೋರಿಕೆಯೂ ಇರಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟು ಸಹಜವಾಗಿ ಹೇಳಿ ಮತ್ತೆ ಕಲ್ಲಿನ ಕಡೆ ತಿರುಗಿದರು.

ನಾನು ಅಂಗಳ ದಾಟಿದೆ. ಆಚೆ ತೆರೆದಿಟ್ಟಿದ್ದ ಗೇಟನ್ನು ಮರ್ಯಾದೆಯಿಂದ ಮುಚ್ಚಲು ಹೋದೆ. ಅವರು ಮತ್ತೆ ಕೂಗಿದರು. ಅದು ತೆರೆದೇ ಇರಲಿ, ಕುರಿಗಳು ನೀರಿಗೆ ಇಳಿಯಬೇಕು. ಗೇಟನ್ನು ಮುಚ್ಚಬೇಕೆಂಬುದಲ್ಲ ಅಲ್ಲಿನ ನಿಯಮ. ಕಂಡ ಹಾಗೇ ಬಿಟ್ಟು ಹೋಗಬೇಕೆಂಬುದು. ಮುಚ್ಚಿದ್ದನ್ನು ಮುಚ್ಚಿ, ತೆರೆದದ್ದನ್ನು ತೆರೆದೇ ಬಿಟ್ಟು. ಹಾದು ಹೋಗುವವರಿಗೆ ಅಲ್ಲಿನ ಬದುಕು ಪೂರ್ತಿ ಅರ್ಥವಾಗಿರುವುದಿಲ್ಲ; ಆದ್ದರಿಂದ ಅದನ್ನು ತಿದ್ದಲು ಹೋಗಬಾರದು. ಇದನ್ನು ಆಮೇಲೆ ಎಷ್ಟೋ ಸಲ, ಗೇಟುಗಳೇ ಇಲ್ಲದ ಕಡೆಯೂ ನೆನಪಿಸಿಕೊಂಡಿದ್ದೇನೆ.

ಅರ್ಧ ಗಂಟೆ ಆ ಗೋಡೆಯ ಬಳಿ ಕೂತು ಅವರ ಮಾತು ಕೇಳಿದೆ. ಅವರದು ಹರ್ಡ್‌ವಿಕ್ ಜಾತಿಯ ಕುರಿ. ಹುಟ್ಟುವಾಗ ಮರಿ ಕಪ್ಪು. ವರ್ಷ ಕಳೆದಂತೆ ಮುಖ ಬೆಳ್ಳಗಾಗಿ ಮೈ ಬೂದಿಯಾಗುತ್ತದೆ. ಎದುರಿನ ಬೆಟ್ಟಕ್ಕೆ ಬೇಲಿಯೇ ಇಲ್ಲ. ಹಲವು ರೈತರ ಹಿಂಡು ಒಂದೇ ಬೆಟ್ಟದಲ್ಲಿ ಮೇಯುತ್ತವೆ. ಆದರೂ ಒಂದೊಂದು ಹಿಂಡು ತನ್ನ ಪಾಲಿನ ಇಳಿಜಾರು ಬಿಟ್ಟು ಹೋಗುವುದಿಲ್ಲ. ತಾಯಿಕುರಿ ತನ್ನ ಮರಿಗೆ ತೋರಿಸಿಕೊಡುತ್ತದೆ, ಆ ಮರಿ ದೊಡ್ಡದಾಗಿ ತನ್ನ ಮರಿಗೆ. ಆ ನೆಲಕ್ಕೆ ಅವರು ಹೆಫ್ಟ್ ಎನ್ನುತ್ತಾರೆ. ಮಕ್ಕಳಿಗಾಗಿ ಮೊಲದ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ಕೂಡ ಇದೇ ಸೀಮೆಯಲ್ಲಿ ಹರ್ಡ್‌ವಿಕ್ ಸಾಕಿದವರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟು, ಅಲ್ಲಿ ಈ ಕುರಿಗಳೇ ಮೇಯುತ್ತಿರಬೇಕೆಂದು ಬಯಸಿದವರು.

2001ರ ಕಾಲುಬಾಯಿ ಜ್ವರದ ಮಾತು ಬಂದಾಗ ರೈತ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟರು. ದೇಶದಾದ್ಯಂತ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದ ವರ್ಷ ಅದು. ಎಲ್ಲಕ್ಕಿಂತ ಹೆಚ್ಚು ಏಟು ತಿಂದದ್ದು ಇದೇ ಕಂಬ್ರಿಯಾ ಜಿಲ್ಲೆ. ಅವರ ಹಿಂಡು ಹೇಗೋ ಉಳಿಯಿತು. ಹೆಫ್ಟ್ ಬಲ್ಲ ಹಿಂಡು ಒಮ್ಮೆ ಹೋದರೆ ದುಡ್ಡು ಕೊಟ್ಟು ಬೇರೆ ಕುರಿ ತರಬಹುದು, ಬೆಟ್ಟದ ನೆನಪನ್ನು ತರಲಾಗುವುದಿಲ್ಲ ಎಂದರು. ಆ ವಸಂತದಲ್ಲಿ ಕಾಲುದಾರಿಗಳನ್ನೆಲ್ಲ ಮುಚ್ಚಿದ್ದರಂತೆ. ತಿಂಗಳುಗಟ್ಟಲೆ ತಡಮೆ ದಾಟಿ ಒಬ್ಬರೂ ಬರಲಿಲ್ಲ. ದಾರಿಹೋಕರು ಗೇಟು ಸರಿಯಾಗಿ ಹಾಕುವುದಿಲ್ಲವೆಂದು ಹಿಂದೆಲ್ಲ ಗೊಣಗುತ್ತಿದ್ದೆ, ಆ ವರ್ಷ ಒಂದು ಗೇಟಿನ ಸದ್ದಿಗಾಗಿ ಕಿವಿ ಕಾದಿತ್ತು ಎಂದರು.

ಹೊರಡುವಾಗ ಹಳೆಯ ಕುರುಬರ ಎಣಿಕೆ ಹೇಳಿ ತೋರಿಸಿದರು: ಯಾನ್, ಟಾನ್, ಟೆದೆರಾ... ಇಪ್ಪತ್ತರವರೆಗೆ ಎಣಿಸಿ, ಒಂದು ಗುರುತು ಹಾಕಿಕೊಂಡು, ಮತ್ತೆ ಮೊದಲಿನಿಂದ. ನಮ್ಮಲ್ಲಿ ಕಣದಲ್ಲಿ ಭತ್ತ ಅಳೆಯುವಾಗ ಒಂದು ಎನ್ನುವುದಿಲ್ಲ, 'ಲಾಭ' ಎಂದು ಶುರುಮಾಡುತ್ತಾರೆ ಎಂದು ನಾನು ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು. ಸಂಪತ್ತನ್ನು ಎಣಿಸಲು ಸಂತೆಯ ಎಣಿಕೆ ಸಾಲದು ಎಂದು ಎರಡು ನಾಡಿನ ರೈತರಿಗೂ ಅನ್ನಿಸಿದೆ.

ಆ ದಾರಿ ನನ್ನದು ಹೇಗಾಯಿತು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಉತ್ತರದ ಒಂದು ತುಣುಕು ಆಗಲೇ ಸಿಕ್ಕಿತ್ತು, ನಾನು ಗುರುತಿಸಿರಲಿಲ್ಲ. ಹಿಂದಿನ ಸೆಪ್ಟೆಂಬರ್ 19, ಭಾನುವಾರ, ಪಕ್ಕದ ಮನೆಯ ಹಿರಿಯರು ನಮ್ಮನ್ನು ಬೋಲ್ಯಾಂಡ್ ಗುಡ್ಡಗಳಿಗೆ ಕರೆದೊಯ್ದಿದ್ದರು. ಲ್ಯಾಂಕಾಸ್ಟರ್‌ನ ಬೆನ್ನಿಗೇ ಇರುವ ಆ ಹೀದರ್ ಪೊದೆಯ ಬಯಲುಗಳ ಬಹುಭಾಗ ಗ್ರೌಸ್ ಹಕ್ಕಿಯ ಬೇಟೆಗೆಂದು ಶ್ರೀಮಂತರು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ಖಾಸಗಿ ನೆಲ. 2000ನೇ ಇಸವಿಯ ಕಾಯ್ದೆಯ ಪ್ರಕಾರ ಬೆಟ್ಟ, ಬಯಲುಗಳಲ್ಲಿ ದಾರಿ ಬಿಟ್ಟೂ ಓಡಾಡುವ ಹಕ್ಕು ಆ ಸೀಮೆಯಲ್ಲಿ ಜನರಿಗೆ ಸಿಕ್ಕಿದ್ದು ಅದೇ ದಿನ. ಹೀದರ್ ಹೂವಿನ ನೇರಳೆ ಆಗಲೇ ಕಂದುತ್ತಿತ್ತು. ಟಿಟ್ಟಿಭವೊಂದು ಕೂಗಿಕೊಂಡು ಹಾರಿತು. ನಮ್ಮ ಗದ್ದೆಯ ಹಕ್ಕಿಯದೇ ಬಳಗ, ತಲೆಗೆ ಮಾತ್ರ ಚೂಪಾದ ಜುಟ್ಟು. ಹಿರಿಯರು ದಾರಿಯಿಂದ ಹತ್ತು ಹೆಜ್ಜೆ ಬದಿಗೆ ಹೋಗಿ, ಹೀದರ್ ನಡುವೆ ಸುಮ್ಮನೆ ನಿಂತರು. ಬಹಳ ಹೊತ್ತು ನಿಂತರು. ಅವರ ಅಪ್ಪ ಹತ್ತಿಗಿರಣಿಯ ಕೆಲಸಗಾರ. ವಾರವಿಡೀ ಗಿರಣಿಯ ಧೂಳು ಕುಡಿದು ಭಾನುವಾರ ಗುಡ್ಡಕ್ಕೆ ಹೋದರೆ ಕಾವಲುಗಾರರು ಅಟ್ಟುತ್ತಿದ್ದರಂತೆ. "ಇಲ್ಲಿ ನಿಲ್ಲಬೇಕಾದವನು ಅವನು" ಎಂದರು.

ಆಮೇಲೆ ಅವರೇ ಕಿಂಡರ್ ಸ್ಕೌಟ್‌ನ ಕಥೆ ಹೇಳಿದರು. 1932ರ ಏಪ್ರಿಲ್ 24, ಅದೂ ಭಾನುವಾರವೇ. ಮ್ಯಾಂಚೆಸ್ಟರ್ ಸುತ್ತಿನ ನೂರಾರು ದುಡಿಯುವ ಹುಡುಗ ಹುಡುಗಿಯರು ಹೇಫೀಲ್ಡ್ ಹಳ್ಳಿಯಲ್ಲಿ ಸೇರಿ, ನಿಷೇಧವಿದ್ದ ಕಿಂಡರ್ ಬೆಟ್ಟವನ್ನು ಬೇಕೆಂದೇ ಹತ್ತಿದರು. ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಕಾವಲುಗಾರರ ಜೊತೆ ತಳ್ಳಾಟವಾಯಿತು. ಆರು ಜನರ ಬಂಧನ, ಐದು ಜನರಿಗೆ ಎರಡರಿಂದ ಆರು ತಿಂಗಳ ಸೆರೆವಾಸ. ಆ ಶಿಕ್ಷೆ ಕೇಳಿ ಜನ ಇನ್ನಷ್ಟು ಎದ್ದರು. ಯುದ್ಧ ಮುಗಿದ ಮೇಲೆ 1949ರಲ್ಲಿ ಬಂದ ಕಾಯ್ದೆ ರಾಷ್ಟ್ರೀಯ ಉದ್ಯಾನಗಳಿಗೆ ಬುನಾದಿ ಹಾಕಿತು. ಊರೂರಿನ ಕಾಲುದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕ್ಷೆ ಮಾಡಬೇಕೆಂದು ಕೌಂಟಿ ಆಡಳಿತಗಳಿಗೆ ವಿಧಿಸಿತು. ನನ್ನ ನಕ್ಷೆಯ ಹಸಿರು ಗೆರೆಗಳು ಹುಟ್ಟಿದ್ದು ಹೀಗೆ.

2007ರ ಮೇ ತಿಂಗಳಲ್ಲಿ, ದೇಶ ಬಿಡುವ ಮೊದಲು, ಹೇಫೀಲ್ಡ್‌ಗೆ ಹೋಗಿಬಂದೆ. ಹೊರಟವರು ಸೇರಿದ್ದ ಬೌಡನ್ ಬ್ರಿಜ್‌ನ ಹಳೆಯ ಕಲ್ಲುಕ್ವಾರಿಯ ಗೋಡೆಯಲ್ಲಿ ಒಂದು ಫಲಕವಿದೆ. 2002ರಲ್ಲಿ, ಎಪ್ಪತ್ತು ವರ್ಷ ತುಂಬಿದ ಸಮಾರಂಭಕ್ಕೆ ಆಗಿನ ಡೆವನ್‌ಶೈರ್ ಡ್ಯೂಕ್ ಬಂದು, ಬೆಟ್ಟ ಮುಚ್ಚಿದ್ದ ತನ್ನ ಅಜ್ಜನ ತಪ್ಪಿಗೆ ಎಲ್ಲರೆದುರು ಕ್ಷಮೆ ಕೇಳಿದರು. ಆ ಫಲಕದ ಮುಂದೆ ನಿಂತಾಗ ಲ್ಯಾಂಗ್‌ಡೇಲ್ ರೈತನ ಮಾತಿಗೆ ಎಷ್ಟು ಜನ ಬೆಲೆ ತೆತ್ತಿದ್ದಾರೆಂದು ಅರ್ಥವಾಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ. ಭೂಮಿಯನ್ನು ಐದು ಸಲ ಸುತ್ತಿದ ಮೇಲೂ ಮಿಗುತ್ತದೆ. ಜನ ಇಪ್ಪತ್ತು ವರ್ಷ ತಡೆಯಿಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ ನಡೆದರೆ ಅದನ್ನು ಸಾರ್ವಜನಿಕ ದಾರಿಯೆಂದೇ ಎಣಿಸಲು ಕಾನೂನು ಅವಕಾಶ ಕೊಡುತ್ತದೆ. ದಾರಿ ಹಾಯುವ ಹೊಲವನ್ನು ಉಳುವುದು ಅನಿವಾರ್ಯವಾದರೆ ರೈತ ಉಳಬಹುದು, ಆದರೆ 14 ದಿನದೊಳಗೆ ದಾರಿಯನ್ನು ಮತ್ತೆ ಎದ್ದು ಕಾಣುವ ಹಾಗೆ ಮಾಡಿಕೊಡಬೇಕು. ಜೂನ್ ತಿಂಗಳಲ್ಲಿ ಸೊಂಟದೆತ್ತರ ಬೆಳೆದ ಬಾರ್ಲಿಯ ನಡುವೆ ಬೈತಲೆ ತೆಗೆದ ಹಾಗೆ ಹೋಗುವ ದಾರಿಯಲ್ಲಿ ನಾನು ನಡೆದಿದ್ದೇನೆ. ಎರಡೂ ಬದಿಯ ತೆನೆ ಅಂಗೈಗೆ ಸವರುತ್ತಿತ್ತು. ಒಂದು ತೆನೆಯನ್ನೂ ತುಳಿಯಲು ಮನಸ್ಸು ಬರುತ್ತಿರಲಿಲ್ಲ.

ಗ್ರಾಸ್‌ಮಿಯರ್‌ಗೆ ನಾನು ಹೆಚ್ಚು ಸಲ ಹೋದದ್ದು ಒಂದು ದಾರಿಗಾಗಿ. ರೈಡಲ್‌ನಿಂದ ಗ್ರಾಸ್‌ಮಿಯರ್‌ಗೆ ಗುಡ್ಡದ ಮಗ್ಗುಲಲ್ಲಿ ಹೋಗುವ ಅದರ ಹೆಸರೇ ಶವಪೆಟ್ಟಿಗೆಯ ದಾರಿ. ಆಂಬಲ್‌ಸೈಡ್ ಕಡೆ ಮಣ್ಣು ಮಾಡುವ ಪವಿತ್ರ ನೆಲವಿಲ್ಲದ ಕಾಲದಲ್ಲಿ ಹೆಣವನ್ನು ಗ್ರಾಸ್‌ಮಿಯರ್‌ನ ಸೇಂಟ್ ಆಸ್ವಾಲ್ಡ್ ಚರ್ಚಿಗೆ ಇದೇ ದಾರಿಯಲ್ಲಿ ಹೊತ್ತು ತರುತ್ತಿದ್ದರು. ಹೊತ್ತವರು ಭಾರ ಇಳಿಸಿ ದಣಿವಾರಿಸಿಕೊಳ್ಳಲು ಇಟ್ಟ ಚಪ್ಪಟೆ ಕಲ್ಲು ಇಂದಿಗೂ ದಾರಿಯ ಬದಿಗಿದೆ. ಕವಿ ವರ್ಡ್ಸ್‌ವರ್ತ್ 1799ರಿಂದ 1808ರವರೆಗೆ ಇದ್ದ ಡವ್ ಕಾಟೇಜ್ ಈ ದಾರಿಯ ಒಂದು ತುದಿಯಲ್ಲಿ. ಕೊನೆಯ ಮೂವತ್ತೇಳು ವರ್ಷ ಬಾಳಿದ ರೈಡಲ್ ಮೌಂಟ್ ಇನ್ನೊಂದು ತುದಿಯಲ್ಲಿ. ಕಾಲೇಜಿನಲ್ಲಿ ಅವರ ಪದ್ಯ ಓದಿದ್ದೆ. ಆದರೆ ಅಲ್ಲಿ ಹೋದ ಮೇಲೆ ನನಗೆ ಹತ್ತಿರವಾದದ್ದು ತಂಗಿ ಡೊರೊಥಿ. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ನಡೆಯುತ್ತಾ ಡ್ಯಾಫೊಡಿಲ್ ಹೂಗಳನ್ನು ಕಂಡರು. ಅದನ್ನು ಮೊದಲು ಬರೆದಿಟ್ಟದ್ದು ಅವಳ ದಿನಚರಿ. ಅಣ್ಣನ ಪದ್ಯ ಅಚ್ಚಾದದ್ದು 1807ರಲ್ಲಿ. ಆ ದಿನಚರಿ ಅಚ್ಚಾಗುವ ಹೊತ್ತಿಗೆ ಅವಳು ಇರಲಿಲ್ಲ. ಗಾಳಿ, ಕೆಸರು, ದಾರಿಯಲ್ಲಿ ಸಿಕ್ಕ ಭಿಕ್ಷುಕರು, ಮನೆಗೆ ಬಂದು ಸುಟ್ಟ ರೊಟ್ಟಿ, ಎಲ್ಲವನ್ನೂ ಬರೆದ ಹೆಣ್ಣು. ನನ್ನ ನಕ್ಷೆಗಳ ಅಂಚಿನಲ್ಲಿ ನಾನು ತಾರೀಖು, ಮಳೆ, ಹಣ್ಣು, ಸಿಕ್ಕವರ ಮಾತು ಬರೆಯಲು ಶುರುಮಾಡಿದ್ದು ಅವಳನ್ನು ಓದಿದ ಮೇಲೆ.

ಯಾವ ತಡಮೆಯೂ ಇಲ್ಲದ ಒಂದು ದಾರಿಯಲ್ಲೂ ನಡೆದೆ. 2006ರ ಬೇಸಿಗೆಯಲ್ಲಿ ಮೊರೆಕಾಂಬ್ ಕೊಲ್ಲಿಯನ್ನು ಇಳಿತದ ಹೊತ್ತಿನಲ್ಲಿ ದಾಟಿದ್ದು. ಆರ್ನ್‌ಸೈಡ್‌ನಿಂದ ಕೆಂಟ್ಸ್ ಬ್ಯಾಂಕ್‌ಗೆ ಮರಳಿನ ಮೇಲೆ ಹಲವು ಮೈಲಿ. ನಡುವೆ ಮಂಡಿ ಮುಳುಗುವ ಕೆಂಟ್ ನದಿ. 1857ರಲ್ಲಿ ರೈಲು ಬರುವವರೆಗೆ ಸಾರೋಟುಗಳೇ ಇಲ್ಲಿ ಹಾಯುತ್ತಿದ್ದವು. ಹದಿನಾರನೆಯ ಶತಮಾನದಿಂದ ಈ ಮರಳಿಗೆ ಅರಮನೆ ನೇಮಿಸಿದ ಮಾರ್ಗದರ್ಶಕರಿದ್ದಾರೆ. 1963ರಿಂದ ಆ ಕೆಲಸ ಮಾಡುತ್ತಿದ್ದ ಸೆಡ್ರಿಕ್ ರಾಬಿನ್‌ಸನ್ ಕೈಯಲ್ಲಿ ಕೋಲು ಹಿಡಿದು ನಮ್ಮೆಲ್ಲರ ಮುಂದೆ ನಡೆದರು. ಅಲ್ಲಿ ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಕಾಲು ಹೂತುಹೋಗುವ ಮರಳು ಜಾಗ ಬದಲಿಸುತ್ತದೆ. ಅದಕ್ಕೇ ಅವರು ಮುಂಚಿತವಾಗಿ ಬಂದು, ಕೋಲಿನಿಂದ ಇರಿದು ನೋಡಿ, ಗಟ್ಟಿ ನೆಲದಲ್ಲಿ ಲಾರೆಲ್ ಟೊಂಗೆ ನೆಟ್ಟು ಹೋಗಿರುತ್ತಿದ್ದರು. ನಕ್ಷೆ ಈ ಮರಳಿನ ಮೇಲೂ ದಾರಿಯ ಗೆರೆ ಎಳೆದಿದೆ. ಆದರೆ ಗೆರೆ ನಂಬಿ ಒಬ್ಬರೇ ಹೋದರೆ ಉಳಿಗಾಲವಿಲ್ಲ.

ನಾವು ಲ್ಯಾಂಕಾಸ್ಟರ್‌ಗೆ ಬರುವ ಆರು ತಿಂಗಳ ಹಿಂದೆ, 2004ರ ಫೆಬ್ರವರಿ 5ರ ರಾತ್ರಿ, ಇದೇ ಕೊಲ್ಲಿಯಲ್ಲಿ ಕಾಕಲ್ ಚಿಪ್ಪು ಹೆಕ್ಕುತ್ತಿದ್ದ ಚೀನಾದ ಕೂಲಿಕಾರರು ಏರಿಬಂದ ಉಬ್ಬರಕ್ಕೆ ಸಿಕ್ಕಿ ಸತ್ತಿದ್ದರು. ಕನಿಷ್ಠ 21 ಜನ. ಕಾಗದಪತ್ರವಿಲ್ಲದೆ, ಭಾಷೆ ಗೊತ್ತಿಲ್ಲದೆ, ಮೇಸ್ತ್ರಿಗಳ ಕೈಗೆ ಸಿಕ್ಕಿ ಬಂದವರು. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ನೀರು ಯಾವಾಗ ಏರುತ್ತದೆಂದು ಹುಟ್ಟಿನಿಂದ ಗೊತ್ತು. ಇವರಿಗೆ ಅದನ್ನು ಹೇಳುವವರು ಇರಲಿಲ್ಲ. ಅದೇ ವರ್ಷ ಇಂಥ ಮೇಸ್ತ್ರಿಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ಬಂತು. ನದಿಯ ತಣ್ಣೀರಿನಲ್ಲಿ ಕಾಲಿಟ್ಟು ನಿಂತಾಗ ಅವರ ನೆನಪು ಬಂದು ಗಂಟಲು ಕಟ್ಟಿತು. ನಾನೂ ಹೊರಗಿನವಳೇ. ನನಗೆ ಬಾಗಿಲು ತಟ್ಟಿದ ಹಿರಿಯರೊಬ್ಬರು ಸಿಕ್ಕಿದರು, ಅಂಗಳದಲ್ಲಿ ಗಲ್ಲ ಎತ್ತಿ ದಾರಿ ತೋರಿಸಿದ ರೈತ ಸಿಕ್ಕಿದರು. ದಾರಿ ಇದ್ದರಷ್ಟೇ ಸಾಲದು. ಅದು ನಿಮ್ಮದು ಎಂದು ಹೇಳುವ ಮನುಷ್ಯರೂ ಬೇಕು.

ಆ ವರ್ಷಗಳ ನೆನಪು ಬಂದಾಗಲೆಲ್ಲ ಜೊತೆಗೇ ಬರುವುದು ನಮ್ಮ ತೋಟದ ತಡಮೆ. ಅದನ್ನು ದಾಟಿಯೇ ನಾನು ಶಾಲೆಗೆ ಹೋದದ್ದು. ಆದರೆ ಅದನ್ನು ಎಲ್ಲರೂ ದಾಟುತ್ತಿರಲಿಲ್ಲ. ಕೇರಿಯಿಂದ ಕೆಲಸಕ್ಕೆ ಬರುವವರು ಅಗಳಿನ ಅಂಚು ಹಿಡಿದು, ಹಳ್ಳ ಇಳಿದು, ಅರ್ಧ ಮೈಲಿ ಸುತ್ತಿ ಬರುತ್ತಿದ್ದರು. ಹೋಗಬೇಡಿ ಎಂದು ಅಪ್ಪ ಯಾವತ್ತೂ ಗದರಿದ್ದನ್ನು ಕೇಳಿಲ್ಲ. ಹೋಗಿ ಎಂದು ಹೇಳಿದ್ದನ್ನೂ ಕೇಳಿಲ್ಲ. ಬಾಲ್ಯದಲ್ಲಿ ಅದು ನನಗೆ ಕಂಡೂ ಕಾಣದ ಸಂಗತಿ. ಲ್ಯಾಂಗ್‌ಡೇಲ್‌ನ ಗೇಟಿನ ಹೊರಗೆ ಕಾಲು ಕಿತ್ತಿಡಲಾಗದೆ ನಿಂತ ಆ ಒಂದು ನಿಮಿಷದಲ್ಲಿ, ಅವರು ಪ್ರತಿದಿನ ಎಲ್ಲಿ ನಿಂತಿದ್ದರೆಂದು ನನಗೆ ಗೊತ್ತಾಯಿತು.

2007ರಲ್ಲಿ ಗಂಡನ ಕೆಲಸ ಮುಗಿಯಿತು. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದರು. ತಮ್ಮ ಪಟ್ಟಣದಲ್ಲಿ ನೆಲೆಸಿದ್ದ. ತೋಟ ನೋಡಿಕೊಳ್ಳಲು ನಾವು ಊರಿಗೇ ಬಂದೆವು. ಬಂದು ನೋಡಿದರೆ ತಡಮೆ ಇರಲಿಲ್ಲ. ಹಂದಿ, ಕಾಡುಕೋಣದ ಕಾಟಕ್ಕೆ ಸುತ್ತಲೂ ತಂತಿಬೇಲಿ ಎಳೆದಿದ್ದರು. ದಾರಿಯ ಗುರುತೇ ಅಳಿಸಿ ಲಂಟಾನ ಬೆಳೆದಿತ್ತು. ಒಂದು ದಿನ ಬೇರೇನೋ ಕೆಲಸಕ್ಕೆಂದು ತೆಗೆಸಿದ ನಮ್ಮೂರಿನ ಹಳೆಯ ಗ್ರಾಮ ನಕಾಶೆಯನ್ನು ಜಗಲಿಯಲ್ಲಿ ಬಿಡಿಸಿದೆ. ನಮ್ಮ ಸರ್ವೆ ನಂಬರಿನ ನಡುವೆ, ಕೇರಿಯಿಂದ ಸೊಪ್ಪಿನಬೆಟ್ಟದವರೆಗೆ, ಸಣ್ಣದೊಂದು ಚುಕ್ಕಿಗೆರೆ ಹೋಗಿತ್ತು. ಕಾಲುದಾರಿ. ಕಂದಾಯದವರ ಮಾತಿನಲ್ಲಿ ಹೇಳುವುದಾದರೆ ನಕಾಶೆ ಕಂಡ ದಾರಿ. ಹಸಿರು ಬಣ್ಣ ಇರಲಿಲ್ಲ, ಅಷ್ಟೇ. ನನಗೆ ಮೈ ಜುಮ್ಮೆಂದಿತು. ಬೇರೆಯವರ ನಾಡಿನಲ್ಲಿ ಮೂರು ವರ್ಷ ನಾನು ಹುಡುಕಿ ಹುಡುಕಿ ನಡೆದ ಗೆರೆ ನಮ್ಮ ಮನೆಯ ಹಿತ್ತಿಲಲ್ಲೇ ಇತ್ತು. ಅದರ ಮೇಲೆ ತಂತಿ ಎಳೆದವರು ನಾವೇ.

ತಮ್ಮನಿಗೆ ಫೋನು ಮಾಡಿದೆ. ಕಾಡುಕೋಣ ನುಗ್ಗಿದರೆ ಏನು ಮಾಡುತ್ತೀ ಎಂದು ಕೇಳಿದ. ಮನುಷ್ಯರು ದಾಟುವ, ಪ್ರಾಣಿ ದಾಟದ ಉಪಾಯವನ್ನು ನಮ್ಮ ಹಿರಿಯರು ಎಂದೋ ಕಂಡುಹಿಡಿದಿದ್ದಾರೆ ಎಂದೆ. ತಂತಿಯ ಎರಡೂ ಬದಿಗೆ ಜಂಬಿಟ್ಟಿಗೆಯ ಮೂರು ಮೂರು ಮೆಟ್ಟಿಲು, ಮೇಲೆ ಅಗಲವಾದ ಒಂದು ಚಪ್ಪಡಿ. ತಲೆಹೊರೆಯವರು ಹೊರೆ ಇಳಿಸಿ ದಾಟಲಿ ಎಂದು ಚಪ್ಪಡಿಯನ್ನು ಉದ್ದ ಮಾಡಿಸಿದೆ. ಗ್ರಾಸ್‌ಮಿಯರ್ ದಾರಿಯ ಆ ಕಲ್ಲು ನನ್ನ ಮನಸ್ಸಿನಲ್ಲಿತ್ತು.

ದಾರಿ ಕಡಿಸಿದ್ದಾಯಿತು, ಕೇರಿಗೆ ಹೋಗಿ ಹೇಳಿ ಬಂದದ್ದಾಯಿತು. ಆದರೂ ಬಹಳ ದಿನ ಯಾರೂ ಬರಲಿಲ್ಲ. ಆಮೇಲೆ ಬೆಟ್ಟಕ್ಕೆ ದರಕು ತರಲು ಹೋಗುವ ಹೆಂಗಸೊಬ್ಬಳು ಬರತೊಡಗಿದಳು. ಬಂದವಳು ಪ್ರತಿ ಸಲ ಅಂಗಳದ ಅಂಚಿನಲ್ಲಿ ನಿಂತು ಕೂಗಿ ಕೇಳುತ್ತಿದ್ದಳು: "ಅಮ್ಮಾ, ಈ ಬದಿಯಿಂದ ಹೋಗ್ಲಾ?" ಕೇಳುವುದು ಬೇಡ, ಅದು ನಿನ್ನ ದಾರಿ ಎಂದು ಪ್ರತಿ ಸಲ ಹೇಳುತ್ತಿದ್ದೆ. ಅವಳು ನಕ್ಕು ಹೋಗುತ್ತಿದ್ದಳು. ಮರುದಿನ ಬಂದು ಮತ್ತೆ ಕೇಳುತ್ತಿದ್ದಳು. ತಲೆಮಾರುಗಳ ಅಭ್ಯಾಸ ನನ್ನ ಒಂದು ಮಾತಿಗೆ ಹೋಗುತ್ತದೆಯೇ? ವರ್ಷಗಟ್ಟಲೆ ಕೇಳಿದಳು.

ಈ ಸಲ ಮಳೆಗೆ ಮುಂಚೆ ನಕ್ಷೆಗಳನ್ನು ಪಂಚೆಯಲ್ಲಿ ಸುತ್ತುತ್ತಾ ಜಗಲಿಯಲ್ಲಿ ಕೂತಿದ್ದೆ. ದರಕಿನ ಸರಸರ ಸದ್ದು ಕೇಳಿ ತಲೆಯೆತ್ತಿದೆ. ಅವಳು ತಡಮೆಯ ಚಪ್ಪಡಿಯ ಮೇಲೆ ಹೊರೆ ಇಳಿಸಿ, ಮೂರು ಮೆಟ್ಟಿಲು ಹತ್ತಿ, ಕಾಲು ಎತ್ತಿ ಹಾಕಿ ಆಚೆ ಇಳಿದಳು. ಹೊರೆಯನ್ನು ಮತ್ತೆ ತಲೆಗೆ ಏರಿಸಿಕೊಂಡಳು. ಮನೆಯ ಕಡೆ ತಿರುಗಿ ನೋಡಲಿಲ್ಲ. ಕೇಳಲೂ ಇಲ್ಲ. ಯಾರೊಡನೆಯೋ ಗಟ್ಟಿಯಾಗಿ ಮಾತಾಡುತ್ತಾ ಕೇರಿಯ ಕಡೆ ಇಳಿದು ಹೋದಳು.